ಪತಿಯ ಜೂಜಿನ ಗಳಿಕೆಯೂ ಪತ್ನಿಯ ಅರಿವೂ

ಪತಿಯು ಜೂಜಿನಿಂದ ತಂದ ಹಣವೆಂದು ತಿಳಿದೂ ಅದರಿಂದ ಒಲೆ ಹೊತ್ತಿಸುವ ಗೃಹಿಣಿಯು ಆ ದೋಷದಲ್ಲಿ ಭಾಗಿಯೇ? ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಇಸ್ಪೀಟಾಟವನ್ನು ಹಬ್ಬದ ವಿನೋದವೆಂದೇ ಎಣಿಸುವುದುಂಟು. ಹಬ್ಬ ಕಳೆದರೂ ಆಟ ಕಳೆಯದ ಮನೆಯಲ್ಲಿ ಈ ಪ್ರಶ್ನೆ ಹುಟ್ಟುತ್ತದೆ.

ಶಾಸನದ ಉತ್ತರ ಸ್ಪಷ್ಟವಾದುದು. 1963ರ ಕರ್ನಾಟಕ ಪೊಲೀಸ್ ಕಾಯಿದೆಯು ಜೂಜುಕಟ್ಟೆಯನ್ನು ಅಪರಾಧವೆನ್ನುತ್ತದೆ; ಆದರೂ ಆ ಗಳಿಕೆ ತೆರಿಗೆಗೆ ಹೊರತಲ್ಲ. ಗೆದ್ದುದಕ್ಕೆ ಶೇಕಡಾ 30ರ ಕರ. ಸೋತುದನ್ನು ಅದರಲ್ಲಿ ಕಳೆಯುವಂತಿಲ್ಲ. 1961ರ ಆದಾಯತೆರಿಗೆ ಕಾಯಿದೆಯಲ್ಲಿದ್ದ ಈ ನಿಯಮವನ್ನು 2025ರ ಕಾಯಿದೆಯೂ ಬಿಡಲಿಲ್ಲ. ಕರ ಸಲ್ಲಿಸಿದ ಮಾತ್ರಕ್ಕೆ ಜೂಜು ಕಾಯಕವಾಗದು. ಸರಕಾರದ ಬೊಕ್ಕಸವು ಪುಣ್ಯತೀರ್ಥವಲ್ಲವಷ್ಟೆ! ನಮ್ಮ ದೇಶದಲ್ಲಿ ಪತಿಪತ್ನಿಯರ ಲೆಕ್ಕ ಬೇರೆಬೇರೆ. ಪತಿಯ ಗಳಿಕೆಯನ್ನು ಅರಿತಿದ್ದಳೆಂಬ ಒಂದೇ ಕಾರಣದಿಂದ ಅವನ ಕರದ ಋಣ ಪತ್ನಿಗೆ ತಗಲದು.

ಆದರೆ ಇಷ್ಟರಿಂದ ಅಂತರಂಗ ಒಪ್ಪದು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನು ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆ ಎಲ್ಲರೂ ಬಲ್ಲುದೇ. ಅಲ್ಲಿ ಕಳವಿಲ್ಲ, ಮೋಸವಿಲ್ಲ. ಅಳತೆ ಮೀರಿದುದೊಂದೇ ಅವಳಿಗೆ ಸಾಲದಾಯಿತು. ಮನೆಯ ಅಳತೆಯನ್ನು ದಿನವೂ ಕೈಯಲ್ಲಿ ಹಿಡಿದವಳಿಗೆ ಹೆಚ್ಚು ಬಂದುದು ತಿಳಿಯದೆ ಇರಲಾರದು. ಗದ್ದೆಯ ಫಸಲು ಸೊರಗಿದ ವರ್ಷವೇ ಬಂಗಾರದ ಬಳೆ ಬಂದರೆ ಇಂದಿನ ಗೃಹಿಣಿಗೂ ಅದು ತಿಳಿಯುತ್ತದೆ.

ಆದರೂ ಎಲ್ಲರಿಗೂ ಲಕ್ಕಮ್ಮನ ಧೈರ್ಯವನ್ನು ಕಡ್ಡಾಯಮಾಡುವುದು ನಿರ್ದಯವೆನಿಸೀತು. ಸ್ವಂತ ದುಡಿಮೆಯಿಲ್ಲದೆ, ಎಳೆಯ ಮಕ್ಕಳನ್ನಿಟ್ಟುಕೊಂಡು, ಪೆಟ್ಟಿಗೆ ಹೆದರಿ ಸುಮ್ಮನಿದ್ದವಳ ಮೌನವು ಸಮ್ಮತಿಯಲ್ಲ. ಬಳೆಯನ್ನು ತಾನೇ ಕೇಳಿ ಪಡೆದವಳ ಮೌನ ಬೇರೆ.

ಅರಿವು ಕ್ರಿಯೆಯಾಗುವ ಒಂದು ಎಡೆಯುಂಟು. ಕೃಷಿಯ ಆದಾಯಕ್ಕೆ ಆದಾಯತೆರಿಗೆಯಿಲ್ಲ. ಆದುದರಿಂದ ಜೂಜಿನ ಹಣವನ್ನು ಪತ್ನಿಯ ಹೆಸರಿನ ತೋಟದ ರಸಬಾಳೆ ಮಾರಿದ ಹಣವೆಂದೋ, ನರಸೀಪುರದ ಭತ್ತದ ಹಣವೆಂದೋ ತೋರಿಸುವ ಆಸೆ ಹುಟ್ಟುವುದು ಸಹಜ. ಆ ಸುಳ್ಳು ಲೆಕ್ಕಕ್ಕೆ ಅರಿತು ಅವಳು ಸಹಿ ಹಾಕಿದರೆ ಅಪರಾಧವು ಪತಿಯದಷ್ಟೇ ಆಗಿ ಉಳಿಯದು, ಅವಳದೂ ಆಯಿತು. ಒಲೆಯನ್ನು ಆರಿಸಲಾಗದವಳೂ ಲೇಖನಿಯನ್ನು ಕೆಳಗಿಡಬಲ್ಲಳು.

ಇನ್ನು ಹಿಂದಿರುಗಿಸುವ ಮಾತು. ಮಾರಯ್ಯನಿಗೆ ಅಕ್ಕಿ ಸುರಿಯಲು ಅಂಗಳವಿತ್ತು. ಜೂಜಿನ ಹಣದ ಅಂಗಳವಾದರೋ ಸೋತವನ ಮನೆ; ಅಲ್ಲಿಯೂ ಒಬ್ಬ ಗೃಹಿಣಿ ಬರಿದಾದ ಮಡಕೆಯ ಮುಂದೆ ಕುಳಿತಿದ್ದಾಳೆ. ಅವಳಾರೆಂಬುದು ಅನೇಕ ವೇಳೆ ಗೆದ್ದವನ ಪತ್ನಿಗೆ ಗೊತ್ತಿರುತ್ತದೆ.