ಹಳೆಯ ಬಿರುಕು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಮಿ ನಡುಗಿತು. ಕಲ್ಲು-ಮಣ್ಣಿನ ಭಾರವಾದ ಮನೆಗಳು ಮಲಗಿದ್ದವರ ಮೇಲೆ ಕುಸಿದು ಏಳು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಮಹಾರಾಷ್ಟ್ರ ಸರಕಾರವು ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 52 ಗ್ರಾಮಗಳನ್ನು ಸ್ಥಳಾಂತರಿಸಿತು; ಬಿರುಕು ಬಿಟ್ಟ ಮನೆಗಳ ದುರಸ್ತಿಗೂ ಹಣ ಕೊಟ್ಟಿತು.

ಅಂತಹ ಊರಿನಲ್ಲಿ ನೀವಿದ್ದೀರೆನ್ನಿ. ನಿಮ್ಮ ಗೋಡೆಯ ಬಿರುಕು ಭೂಕಂಪಕ್ಕಿಂತ ಹಳೆಯದು. ಪರಿಶೀಲನೆಗೆ ಬಂದವನಿಗೆ ಅದು ತಿಳಿಯದು. ನೀವು ಹೇಳುವಿರಾ? "ಅಧಿಕಾರಿಗಳೇ ನುಂಗುತ್ತಾರೆ, ನಾನೊಬ್ಬ ಪಡೆದರೇನು?" ಎಂಬ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ. (ಮಸೀದಿಯ ಜಗಲಿಯಲ್ಲೂ ಇದನ್ನು ಕೇಳಿದ್ದೇನೆ.) ಆದರೆ ಆ ಹಣ ಅಧಿಕಾರಿಯದ್ದಲ್ಲ, ತಗಡಿನ ಶೆಡ್ಡಿನಲ್ಲಿ ಸರದಿ ಕಾಯುವ ವಿಧವೆಯದು. ನೆರೆಯವನ ಹಕ್ಕು ಕಸಿದವನು ಅವನ ಬಾಗಿಲಿಗೆ ಹೋಗಿ ಕ್ಷಮೆ ಕೇಳಬಹುದು. ಎಲ್ಲರ ನಿಧಿಯಿಂದ ಕಸಿದವನು ಯಾರ ಬಾಗಿಲು ತಟ್ಟಬೇಕು?

ಖೈಬರ್‌ನ ಸಮರ ಸೊತ್ತಿನಿಂದ ಹಂಚಿಕೆಗೆ ಮೊದಲೇ ಹೊದಿಕೆಯೊಂದನ್ನು ತೆಗೆದುಕೊಂಡಿದ್ದ ಸೇವಕನು ಬಾಣ ತಗಲಿ ಸತ್ತಾಗ ಜನರು ಅವನಿಗೆ ಸ್ವರ್ಗದ ಶುಭ ಕೋರಿದರು. ಆ ಹೊದಿಕೆ ಬೆಂಕಿಯಾಗಿ ಅವನನ್ನು ಸುಡುತ್ತಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅದನ್ನು ಕೇಳಿದೊಡನೆ ಒಬ್ಬನು ತಾನು ಇಟ್ಟುಕೊಂಡಿದ್ದ ಚಪ್ಪಲಿಯ ಪಟ್ಟಿಯನ್ನು ತಂದೊಪ್ಪಿಸಿದನು.