ಚಿಕೋರಿಯೂ ಅಸ್ತೇಯವ್ರತವೂ

ಬಾಬಾ ಬುಡನ್ ಸಂತರು ಮೋಖಾ ಬಂದರಿನಿಂದ ಏಳು ಕಾಫಿಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳುತ್ತಲೇ ಬೆಳೆದ, ಅದೇ ಪರ್ವತದ ಅತ್ತಿಗುಂಡಿಯ ಜನರಿಗೆ, ಕಾಫಿಪುಡಿಗೆ ಚಿಕೋರಿಯನ್ನು ಬೆರಸುವುದು ಧರ್ಮವೇ ಎಂಬ ಸಂದೇಹ ಉದಿಸಿದರೆ ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು.

ಚಿಕೋರಿಯನ್ನು ಕೈತೋಟದಲ್ಲಿ ಬೆಳೆದು ಬಲ್ಲವರು ಅದನ್ನು ಹೀಗಳೆಯಲಾರರು. ಮಳೆಗಾಲ ಹಿಂದೆಗೆದ ಬಳಿಕ, ಕಲ್ಲನ್ನಾಯ್ದು ಆಳವಾಗಿ ಸಡಿಲಿಸಿದ, ನೀರು ನಿಲ್ಲದ ಮಣ್ಣಿನಲ್ಲಿ ಬಿತ್ತಿದರೆ ತಾಯಿಬೇರು ಮೂಲಂಗಿಯಂತೆ ನೆಟ್ಟಗಿಳಿಯುತ್ತದೆ. ಕಲ್ಲು ತಾಗಿದರೆ ಕವಲೊಡೆಯುತ್ತದೆ. ಎಳೆಯ ಎಲೆ ಕಹಿಯಾದರೂ ಸೊಪ್ಪಾಗಿ ಅಡುಗೆಗೆ ಒದಗುತ್ತದೆ. ಯುನಾನಿ ವೈದ್ಯರು ಇದನ್ನೇ ಕಾಸನಿಯೆಂದು ಕರೆದು ಔಷಧಗಳಲ್ಲಿ ಬಳಸುತ್ತಾರೆ. ಕೀಳದೆ ಬಿಟ್ಟರೆ ಎರಡನೆಯ ವರ್ಷ, ಬೆಳಿಗ್ಗೆ ಅರಳಿ ನಡುಹಗಲಿಗೆ ಮುಚ್ಚಿಕೊಳ್ಳುವ ನೀಲಿಯ ಹೂ ಬಿಡುತ್ತದೆ. ಆದರೆ ಬೇರು ಸಂಚಯಿಸಿಟ್ಟ ಇನುಲಿನ್ ಎಂಬ ದ್ರವ್ಯ ಹೂದಂಟಿನ ಬೆಳವಣಿಗೆಗೆ ವ್ಯಯವಾಗುವುದರಿಂದ, ಪುಡಿಗಾಗಿ ಬೆಳೆಯುವವರು ಹೂವನ್ನು ಕಾಣುವ ಮುನ್ನವೇ ಬೇರನ್ನು ಅಗೆಯುತ್ತಾರೆ. ಹುರಿದ ಬೇರು ಡಿಕಾಕ್ಷನ್ನಿಗೆ ಕಡುಬಣ್ಣವನ್ನೂ ಮಂದತ್ವವನ್ನೂ ಕೊಡುತ್ತದೆ; ಕೆಫೀನ್ ಮಾತ್ರ ಅದರಲ್ಲಿಲ್ಲ.

ಇಂತಹ ನಿರಪರಾಧಿ ಸಸ್ಯದಿಂದ ಪಾಪವೊದಗುವುದು ಯಾವಾಗ? ಜೈನಾಚಾರ್ಯರಾದ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥವ್ರತಗಳ ಅತಿಚಾರಗಳನ್ನು, ಎಂದರೆ ಲೋಪಗಳನ್ನು, ಹೇಳುವಾಗ, ಕಲಬೆರಕೆಯ ವ್ಯಾಪಾರವನ್ನು ಸತ್ಯವ್ರತದ ಲೋಪಗಳೊಡನೆ ಸೇರಿಸದೆ, ಅಸ್ತೇಯವ್ರತದ, ಎಂದರೆ ಕದಿಯದಿರುವ ವ್ರತದ, ಲೋಪವಾಗಿ, ಕಳ್ಳತೂಕ ಕಳ್ಳಅಳತೆಗಳ ಪಕ್ಕದಲ್ಲಿಯೇ ಇರಿಸಿರುವರು. ಜೈನರಾದ ಭೈರರಸರು ಆಳಿದ ಕಳಸ ಈ ಸೀಮೆಯಲ್ಲಿಯೇ ಇರುವುದರಿಂದ ಈ ವಿವೇಚನೆ ನಮಗೆ ಪರಕೀಯವಲ್ಲ. ನನಗಂತೂ ಅದು ಅತ್ಯಂತ ಸೂಕ್ಷ್ಮವಾದುದೆಂದು ತೋರುತ್ತದೆ. ಕಾಫಿಯೆಂದು ಹೇಳಿ ಬೇರಿನ ಪುಡಿಯನ್ನು ಮಾರಿದವನು ನುಡಿದ ಸುಳ್ಳು ಅಲ್ಲಿಗೇ ಮುಗಿಯದೆ, ಕೊಂಡವನ ದುಡಿಮೆಯ ಒಂದಂಶವೂ ಮಾರಿದವನ ಕೈಸೇರುತ್ತದೆ.

ಈಗಿನ ಕಾನೂನು ಚಿಕೋರಿ ಬೆರೆತ ಪುಡಿಯಲ್ಲಿ ನೂರಕ್ಕೆ 51 ಪಾಲಾದರೂ ಕಾಫಿಯಿರಬೇಕೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ವಿಧಿಸುತ್ತದೆ. ವಿಧಿ ಒಳ್ಳೆಯದೇ, ಆದರೆ ಕಣ್ಣಿಗೆ ನಿಲುಕದಷ್ಟು ಸಣ್ಣ ಅಕ್ಷರ ಕಾನೂನನ್ನು ತೃಪ್ತಿಪಡಿಸಿದರೂ ವ್ರತವನ್ನು ತೃಪ್ತಿಪಡಿಸಲಾರದು. ಅದಕ್ಕೆ ಬದಲಾಗಿ ಅಂಗಡಿಯವನು ‘ಚಿಕೋರಿ ಎಷ್ಟು ಹಾಕಲಿ?’ ಎಂದು ಕೇಳಿ ಕಣ್ಣೆದುರಿಗೇ ಬೆರಸಿಕೊಟ್ಟಲ್ಲಿ ಯಾರ ಸ್ವತ್ತೂ ಅಪಹೃತವಾಗುವುದಿಲ್ಲ. 1806ರಲ್ಲಿ ನೆಪೋಲಿಯನ್ ವಿಧಿಸಿದ ವ್ಯಾಪಾರ ನಿರ್ಬಂಧದಿಂದ ಯುರೋಪಿನಲ್ಲಿ ಕಾಫಿ ದುರ್ಲಭವಾದಾಗ, ಚಿಕೋರಿಯನ್ನು ಚಿಕೋರಿಯೆಂದೇ ಅರಿತು ಕುಡಿದವರಲ್ಲಿ ದೋಷವೆಣಿಸುವುದೆಂತು?

ಹಣದ ಸಂಬಂಧವೇ ಇಲ್ಲದ ಮನೆಯ ಆತಿಥ್ಯದಲ್ಲಿ ಈ ವ್ರತ ಅನ್ವಯಿಸುವುದೇ ಎಂಬುದು ಇನ್ನೂ ಕಠಿನ. ಅನ್ವಯಿಸುತ್ತದೆಂದೇ ನನ್ನ ಅಭಿಪ್ರಾಯ. ಬೇಡವೆನ್ನುವ ಅಧಿಕಾರ ಅತಿಥಿಯದು, ಹೇಳದೆ ಬೆರಸಿದವರು ಅದನ್ನು ಕಸಿದುಕೊಂಡಂತೆಯೇ. ‘ಚಿಕೋರಿ ಹಾಕಿದ ಪುಡಿ, ಆದೀತೆ?’ ಎಂದು ಕೇಳಿ ಲೋಟವನ್ನು ಮುಂದಿಟ್ಟರೆ ಸಾಕು.