ಬೀಗವೂ ಮಸಿಕುಡಿಕೆಯೂ

ವರ್ಸೇಲ್ಸ್ ಅರಮನೆಯಲ್ಲಿ ಹದಿನೈದನೆಯ ಲೂಯಿಯ ಬರೆಯುವ ಮೇಜೊಂದಿದೆ. ನಾನು ಅದನ್ನು ಕಂಡಿರುವುದು ಚಿತ್ರಗಳಲ್ಲಿ ಮಾತ್ರ. 1760ರಲ್ಲಿ ಓಬೆನ್ ಎಂಬ ಕುಶಲಿ ಅದರ ಕೆಲಸವನ್ನು ಆರಂಭಿಸಿದ, 1763ರಲ್ಲಿ ತೀರಿಕೊಂಡ. ಅವನ ಕೈಕೆಳಗಿದ್ದ ರೀಸ್ನರ್ 1769ರಲ್ಲಿ ಅದನ್ನು ಮುಗಿಸಿ ಮರದಲ್ಲಿ ತನ್ನ ಹೆಸರನ್ನು ಮೂಡಿಸಿದ. (ಗುರುವಿನ ಹೆಸರಿಗೆ ಜಾಗ ಸಾಲದೆ ಹೋಯಿತೇನೋ! ಆ ಮಾತು ಇನ್ನೊಮ್ಮೆ.) ಬಣ್ಣಬಣ್ಣದ ಮರದ ತೆಳುಹಾಳೆಗಳನ್ನು ಕೂಡಿಸಿ ಬಿಡಿಸಿದ ಚಿತ್ತಾರ, ಚಿನ್ನದ ನೀರು ಕುಡಿದ ಕಂಚಿನ ಬೊಂಬೆಗಳು, ನೆತ್ತಿಯ ಮೇಲೆ ಎರಡು ಕಡೆಯಿಂದಲೂ ಕಾಣುವ ಗಡಿಯಾರ—ವೈಭವಕ್ಕೆ ಕೊರತೆಯಿಲ್ಲ.

ನನ್ನ ಮನಸ್ಸು ನಿಂತದ್ದು ಬೇರೊಂದು ಕಡೆ. ಆ ಮೇಜಿಗೆ ಒಂದೇ ಬೀಗದಕೈ. ಅದನ್ನು ತಿರುಗಿಸಿದರೆ ಉರುಳೆಯಂತೆ ಬಾಗಿದ ಮುಚ್ಚಳವೂ ಡ್ರಾಯರುಗಳೂ ಒಟ್ಟಿಗೆ ಭದ್ರವಾಗುತ್ತವೆ. ಆದರೆ ಮಸಿ ತುಂಬುವ ಸೇವಕನಿಗೆ ಬೀಗದಕೈ ಬೇಡ. ಅವನು ಪಕ್ಕದಿಂದಲೇ ಮಸಿಕುಡಿಕೆಯನ್ನು ಹೊರತೆಗೆದು ತುಂಬಿಡಬಹುದು. ಕಾಗದಗಳಿಗೆ ಅವನ ಕೈ ಎಟುಕದು.

ಮಸಿಗೆ ಯೋಗ್ಯನಾದವನು ಕಾಗದಕ್ಕೆ ಅಯೋಗ್ಯನೆ? ಮೊದಲು ಓದಿದಾಗ ನನಗೆ ಸಿಟ್ಟೇ ಬಂದಿತ್ತು. ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ನೆನೆದ ಮೇಲೆ ಆ ಸಿಟ್ಟು ಉಳಿಯಲಿಲ್ಲ.

ಒಂದು ಬೇಸಗೆಯಲ್ಲಿ, ಉತ್ತರಪತ್ರಿಕೆ ತಿದ್ದಿದ್ದಕ್ಕೆ ಬಂದ ಹಣವನ್ನು ಬೀಗವಿಲ್ಲದ ಡ್ರಾಯರಿನಲ್ಲಿ ಇಟ್ಟಿದ್ದೆ, ಕಾಣಲಿಲ್ಲ. ಹನ್ನೊಂದು ವರ್ಷಗಳಿಂದ ನಮ್ಮ ಮನೆಯ ಕಸಮುಸುರೆ ನೋಡಿಕೊಳ್ಳುತ್ತಿದ್ದಾಕೆಯನ್ನು ಕೇಳಿದೆ: "ಮೇಜಿನ ಹತ್ತಿರ ಯಾರಾದರೂ ಬಂದಿದ್ದರೇನಮ್ಮ?" ಆಕೆ ಪೊರಕೆಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನೇನು ಆರೋಪ ಹೊರಿಸಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಅಂಥ ಸಮಾಧಾನವನ್ನು ಹುಡುಕಿಕೊಡುವುದರಲ್ಲಿ ಓದು ಬಲ್ಲವರ ಬುದ್ಧಿ ಬಹಳ ಚುರುಕು. ಮೂರನೆಯ ದಿನ ಹಣ ನಿಘಂಟಿನ ಹಾಳೆಗಳ ನಡುವೆ ಸಿಕ್ಕಿತು.

"ಸಿಕ್ತಲ್ಲ ಸಾರ್, ಬಿಡಿ. ಇನ್ಮೇಲೆ ಬೀಗ ಹಾಕ್ಕೊಳ್ಳಿ, ನಮಗೂ ಒಳ್ಳೇದು" ಎಂದಳು.

ಬೀಗವೆಂದರೆ ಅಪನಂಬಿಕೆ ಎಂದೇ ನಾನು ತಿಳಿದಿದ್ದೆ. ಆಕೆಗೆ ಅದು ರಕ್ಷೆ. ತೆರೆದ ಡ್ರಾಯರನ್ನು ನಾನು ಔದಾರ್ಯವೆಂದುಕೊಂಡಿದ್ದೆ; ಆ ಔದಾರ್ಯದ ಬೆಲೆ ತೆತ್ತವಳು ಆಕೆ. ಲೂಯಿ ತನ್ನ ಮಂತ್ರಿಗಳಿಗೂ ತಿಳಿಯದಂತೆ ಗುಪ್ತ ರಾಯಭಾರ ನಡೆಸುತ್ತಿದ್ದ ಅರಸು. ಅವನ ಬೀಗ ದೊಡ್ಡವರಿಗೂ ಬೀಗವೇ, ಮಸಿಯವನೊಬ್ಬನಿಗಾಗಿ ಹಾಕಿದ್ದಲ್ಲ. ನನ್ನ ಡ್ರಾಯರನ್ನು ಪೆನ್ನಿಗೆಂದು ಗೆಳೆಯರು ಎಳೆಯುತ್ತಾರೆ, ವಿದ್ಯಾರ್ಥಿಗಳು ಎಳೆಯುತ್ತಾರೆ, ಭಾವಮೈದುನನಂತೂ ಸರಿಯೇ. ಅವರಾರನ್ನೂ ನಾನು ಕೇಳಿರಲಿಲ್ಲ.

ಈಗ ಬೀಗ ಹಾಕುತ್ತೇನೆ. ಆಕೆ ಮೇಜನ್ನು ಒರೆಸುವಾಗ ಡ್ರಾಯರನ್ನು ಒಮ್ಮೆ ಎಳೆದು ನೋಡಿ, ಅದು ಬಾರದೆಂದು ಖಚಿತಮಾಡಿಕೊಂಡು, ಮುಂದಿನ ಕೋಣೆಗೆ ಹೋಗುತ್ತಾಳೆ.